ನಡುವಿಗೆ ಮುಳ್ಳಿಲ್ಲ

ಮೌಲಾಸಾಬ ಕಲ್ಲು ಕರಗಿಸುವ ಮನುಷ್ಯ.
ಗಾಜಿನ ಗೂಡಿನೆದುರು ನಿಂತು, ದಪ್ಪ ರಬ್ಬರಿನ ಕೈಗವಸು ತೊಟ್ಟು
(ಎಡಗೈಯದರ ಕಿರುಬೆರಳಿಗೆ ಗಂಟು)
ಅರಿಯಲೂರಿನ ಬೂದು ಜೇಡಿಗೆ ಆಮ್ಲ ಹನಿಸುತ್ತಾನೆ.
ಮೂರನೆಯ ದಿನ ಬಂದು ಹೇಳುತ್ತಾನೆ:
"ಕಲ್ ಹೋತ್ರೀ. ಉಳದದ್ದು ನಿಮ್ದು."

ಉಳಿದದ್ದು ಒಂದು ಚಿಟಿಕೆ ಕಂದು ಗಸಿ.

ಧಾರವಾಡದಲ್ಲಿ ಕೂತು ಕಡಲು ಹುಡುಕುವುದು
ಸ್ವಲ್ಪ ನಗೆಯ ಕೆಲಸ.
ನಮಗೆ ನೀರೆಂದರೆ ಕೆಲಗೇರಿ ಕೆರೆ,
ಎಂಟು ದಿನಕ್ಕೊಮ್ಮೆ ನಳ.
ಊರ ಹೆಸರು ಹೊತ್ತ ಕಲ್ಲು ಕಾಲಡಿಗೇ ಇದೆ,
ಎಷ್ಟು ಹಳೆಯದೆಂದರೆ
ಚಿಪ್ಪು ಮುಳ್ಳು ಮುಚ್ಚಳ ಯಾವುದರ ಸುದ್ದಿಯೂ ಅದಕ್ಕೆ ಮುಟ್ಟಿಲ್ಲ.

ಮಸೂರಕ್ಕೆ ಕಣ್ಣು ಹಚ್ಚಿದೆ.
ಕೆ-ಮೂವತ್ತೆರಡು. ಅಲ್ಲಿತ್ತು.

ನಲವತ್ತು ಮೈಕ್ರಾನಿನ ಹೊಟ್ಟೆ.
ಗೋಡೆಗೆ ಎರಡು ಪದರು, ಉಬ್ಬಿದ ಜೋಳದ ರೊಟ್ಟಿಗಿದ್ದಂತೆ;
ಮುಳ್ಳು ಎದ್ದಲ್ಲಿ ಮಾತ್ರ ಬಿಟ್ಟುಕೊಂಡು
ಉಳಿದ ಕಡೆ ಒಂದನ್ನೊಂದು ಅಪ್ಪಿವೆ.
ಮುಳ್ಳು ಅನ್ನುವುದೂ ತಪ್ಪೇ. ಕೊಳವೆಗಳು,
ಟೊಳ್ಳು, ತುದಿಗೆ ಮದುಗುಣಿಕೆ ಹೂವಿನ ಬಾಯಿ,
ಆ ಬಾಯಂಚಿಗೆ ಮತ್ತೆ ಸಣ್ಣ ಸಣ್ಣ ಚೂಪು.

ತಲೆ ಇಲ್ಲ.
ತಲೆಯಿದ್ದಲ್ಲಿ ಒಂದು ತೆರಪು, ಅಂಚೆಲ್ಲ ಅಂಕುಡೊಂಕು,
ಚಿಗವ್ವ ಕಸೂತಿಯಲ್ಲಿ ಮುರಗಿ ಅನ್ನುತ್ತಿದ್ದಳಲ್ಲ, ಆ ಮೆಟ್ಟಿಲು ಹೊಲಿಗೆ.
ಬಿದ್ದ ಗಡಿಗೆ ಹೀಗೆ ಎಳೆ ಎಣಿಸಿ ಒಡೆಯುವುದಿಲ್ಲ.
ಇದು ಬಾಗಿಲು.
ಕಡಲ ತಳದ ಕೆಸರಲ್ಲಿ ಒಂದು ಋತುವೋ ಹತ್ತೋ ಮಲಗಿದ್ದು
ಒಂದು ದಿನ ಮುಚ್ಚಳ ನೂಕಿ ಹೊರಬಿತ್ತು,
ಹತ್ತು ಕೋಟಿ ವರ್ಷದ ಹಿಂದೆ.
ನನ್ನ ಗಾಜಿನ ಮೇಲಿರುವುದು
ಎದ್ದು ಹೋದವರ ಹಾಸಿಗೆ.

ಈಗ ಎಣಿಕೆ. ಚಿಗವ್ವನ ಹಾಗೆಯೇ, ಉಸಿರು ಹಿಡಿದು.
ನಾಲ್ಕು ಮುಚ್ಚಳದ ಜೊತೆ ಹೋದವು, ಅವನ್ನು ಬಿಡು.
ಮೇಲಿನ ಸಾಲಿಗೆ ಆರು.
ತಿರುಪು ಕೂದಲೆಳೆಯಷ್ಟು ತಿರುವಿದರೆ ಅವು ಮಸುಕಾಗಿ
ಕೆಳಗಿನವು ಮೂಡುತ್ತವೆ: ಐದು... ತಡಿ, ಆರಿದ್ದೀತು... ಐದೇ.
ಬುಡಕ್ಕೆ ಒಂದು.
ನಡುವಿಗೆ?

ಎಲ್ಲ ಇರುವುದು ಆ ನಡುವಿನಲ್ಲಿ.
ನಡುಪಟ್ಟಿಗೆ ಮುಳ್ಳಿದ್ದರೆ ಅದೊಂದು ಕುಲ, ಇಲ್ಲದಿದ್ದರೆ ಇನ್ನೊಂದು.
ಆದರೆ ಇಲ್ಲ ಅನ್ನುವುದರಲ್ಲೂ ಎರಡುಂಟು.
ಅಣ್ಣಿಗೇರಿ ಮೇಡಂ ಮೊದಲ ವಾರವೇ ಹೇಳಿದ್ದರು,
ನಾನು ಬರೆದ ಮೊಟ್ಟಮೊದಲ ಹೆಸರನ್ನು ಕೆಂಪಿನಲ್ಲಿ ಹೊಡೆದು:
"ಮೊದ್ಲಿಂದ ಇಲ್ಲದ್ದು ಬ್ಯಾರೆ, ಮುರದ್ ಹೋಗಿದ್ದು ಬ್ಯಾರೆ.
ಮುರದ್ರ ಬುಡ ಉಳೀತದ ನೋಡವ್ವಾ, ಉಂಗುರದಂಥಾ ಕಲೆ."

ಹುಡುಕಿದೆ. ನಡುವಿನ ಸುತ್ತ ಒಂದು ಸುತ್ತು, ಎರಡು ಸುತ್ತು.
ಎಡಕ್ಕೊಂದು ಉಂಗುರ! ಎದೆ ಧಸಕ್ಕೆಂದಿತು.
ಮೇಲಿನ ಗಾಜನ್ನು ಸೂಜಿಯಿಂದ ಮೆಲ್ಲಗೆ ಒತ್ತಿದೆ,
ಉಂಗುರ ಜಾರಿಹೋಯಿತು, ಗ್ಲಿಸರಿನ್ನಿನ ಗುಳ್ಳೆ.
ಕೆಳಗೆ ಕಾಯಿ ತುಸು ಹೊರಳಿ ಬೆನ್ನು ತೋರಿಸಿತು.
ಅಲ್ಲೂ ನುಣುಪು. ಬೋಳು, ಹುಟ್ಟಾ ಬೋಳು.

ರಜಿಸ್ಟರಿನ ಚೌಕದಲ್ಲಿ ಹಿಡಿಸದ ಹೆಸರು, ಪೆನ್ಸಿಲ್ಲಿನಲ್ಲಿ:
ಒಲಿಗೋಸ್ಫೀರಿಡಿಯಂ ಕಾಂಪ್ಲೆಕ್ಸ್.
ಒಲಿಗೋ ಅಂದರೆ ಕೆಲವೇ.
ಇಲ್ಲದ್ದನ್ನೂ ಲೆಕ್ಕಕ್ಕೆ ಹಿಡಿದ ಹೆಸರು.
ಮುಂದೊಂದು ಪ್ರಶ್ನೆಚಿಹ್ನೆ ಹಾಕಿದ್ದೆ, ಅಳಿಸಿದೆ.
ಅಳಿಸಿದ್ದು ಕಾಣುತ್ತದೆ.

"ಸಿಕ್ತೇನ್ರೀ?"
"ಸಿಕ್ತು. ನಡಕ್ಕ ಮುಳ್ಳಿಲ್ಲ."
"ಬಿದ್ದಾವೇನು?"
"ಇಲ್ಲ, ಮೊದ್ಲಿಂದ ಇಲ್ಲ."
"ಹಂಗಾದ್ರ ಛಲೋ ಆತ್ ಬಿಡ್ರಿ," ಅಂದು
ಮೌಲಾಸಾಬ ಚಹಾ ಬಸಿಗೆ ಸುರುವಿಕೊಂಡ.

ನಾಲ್ಕು ಬೆರಳ ಎಡಗೈ ಆ ಬಸಿಯನ್ನು ಎಷ್ಟು ನೆಟ್ಟಗೆ ಹಿಡಿದಿದೆ.
ಆರು ವರ್ಷವಾಯಿತು, ನಾನು ಕೇಳಿಲ್ಲ.
ಮಸೂರವಿಲ್ಲದೆಯೇ ನೋಡಬಹುದಿತ್ತು, ಮಾರು ದೂರವೂ ಇಲ್ಲ;
ಕಣ್ಣು ಕಿಟಕಿಗೆ ಹೊರಳಿಸಿದೆ.
ಹೊರಗೆ ವಸತಿ ಸಾಲಿನಲ್ಲಿ ಯಾರೋ ಕೂಗಿದರು: ನಳಾ ಬಂತು!
ಕೊಡಗಳ ಸದ್ದು.
ತೊಳೆದು ತೂಗಿಬಿಟ್ಟ ಕೈಗವಸಿನಿಂದ
ಕಿರುಬೆರಳ ಗಂಟಿನ ತುದಿಗೆ ಬಂದು ನಿಂತ ಒಂದು ಹನಿ
ಇನ್ನೂ ಬಿದ್ದಿರಲಿಲ್ಲ.