ಮೂರನೆಯ ಸಾಲು

ಡಿಸೆಂಬರ್ ಹದಿನೆಂಟು, ಸೋಹಾರ್. ಎಸಿ ಇನ್ನೂ ಓಡುತ್ತಿದೆ.
ಸಿಪ್ರಿಯನ್‌ನ ಫೋನಿನಲ್ಲಿ ಅದೇ ಕ್ರಿಸ್‌ಮಸ್ ಹಾಡು,
ಏಳನೆಯ ಗಂಟಲು.

ಮೊದಲಿನವನದು ತುಪ್ಪ; ಜಾರುತ್ತದೆ, ನಿಲ್ಲುವುದಿಲ್ಲ.
ಎರಡನೆಯವಳು ಮೇಲಿನ ಸ್ವರಕ್ಕೆ ಏಣಿ ಹಾಕಿ
ಇಳಿಯುವುದನ್ನೇ ಮರೆತಳು.
ಮಕ್ಕಳ ಮೇಳ ಚೆನ್ನ, ಆದರೆ
ಒಬ್ಬನಿಗೂ ನೆಗಡಿಯಿಲ್ಲ.

‘ಇವನೇ ಸರಿ’ ಎಂದ ಸಿಪ್ರಿಯನ್, ಗಿಟಾರಿನ ಮುದುಕನಿಗೆ.
ನಾನು ಯಾರದೋ ದಿಶ್ದಾಶದ ಕುಚ್ಚು ನೇರ ಮಾಡುತ್ತಿದ್ದೆ.

ಹೋದ ವರ್ಷ ಪಕ್ಕದ ಸಲೂನಿನ ಮಾರಿಸೆಲ್
ಯೂನಿಫಾರ್ಮಿಗೆ ಕಾಯುತ್ತ ಇದನ್ನೇ ಹಾಡಿದ್ದಳು,
ಮೂರನೆಯ ಸಾಲು ಬಾರದೆ
ಬರೀ ಹ್ಞೂಂ ಹ್ಞೂಂ.
ಮೇ ತಿಂಗಳಲ್ಲಿ ವೀಸಾ ಮುಗಿಯಿತು.

ಏಳೂ ಮಂದಿಗೆ ಆ ಸಾಲು ಬಾಯಿಪಾಠ.
ಅದು ಬಂದಾಗಲೆಲ್ಲ
ಇಸ್ತ್ರಿಪೆಟ್ಟಿಗೆಯ ಹಬೆ ಬಿಡುತ್ತೇನೆ
ಮಾತು ಕೇಳದಿರಲಿ ಎಂದು.