ಸ್ಕೋರು ಬರೆಯುವವಳು ಬೊಯೊ ಮೊರೆಯಾಗೆ ಹೇಳಿದ್ದು

ಹದಿನೇಳು ವರ್ಷ ನಿನ್ನ ಹೆಸರಿನ ಮುಂದೆ
ಚುಕ್ಕಿಯಿಟ್ಟೆ, ಬೊಯೊ.
ರನ್ನಿಲ್ಲದ ಎಸೆತಕ್ಕೊಂದು ಚುಕ್ಕಿ, ಅದು ನಿಯಮ.
ಆರು ಚುಕ್ಕಿ ಒಟ್ಟಿಗೆ ಬಿದ್ದರೆ ಗೆರೆಯೆಳೆದು ಕೂಡಿಸಬೇಕು:
ಎಂ ಅಕ್ಷರ, ಮೇಡನ್ ಓವರು.
ಅದರಲ್ಲೊಂದು ವಿಕೆಟ್ ಬಿದ್ದಿದ್ದರೆ
ಅದೇ ಗೆರೆ ತಲೆಕೆಳಗು.

ನಿನ್ನಜ್ಜಿಯ ತೋಳಿನ ಮೇಲೂ ಅದೇ ಇತ್ತು,
ಮುಳ್ಳಿನಿಂದ ಚುಚ್ಚಿದ ಹಚ್ಚೆ,
ಮಣಿಕಟ್ಟಿನಿಂದ ಹೆಗಲತನಕ ಅಂಕುಡೊಂಕು.
ಪುಸ್ತಕ ತೋರಿಸಿದಾಗ ಬೆರಳಾಡಿಸಿ ಕೇಳಿದಳು:
“ಇದು ಯಾರ ಮೈ?”

ಹನುವಾಬಾದದ ಮನೆಗಳಿಗೆ ನೆಲವಿಲ್ಲ, ಕಾಲಿದೆ.
ಕಡಲಿಗೆ ಇಳಿಬಿಟ್ಟ ಕಂಬಗಳು,
ಮನೆಯಿಂದ ಮನೆಗೆ ಹಲಗೆಯ ಓಣಿ.
ಅಲ್ಲೇ ನಿನ್ನ ಪಿಚ್ಚು, ಎರಡು ಮೊಳ ಅಗಲ.
ಆಚೆ ಹೋದರೆ ನೀರು, ಈಚೆ ಹೋದರೂ ನೀರು,
ಚೆಂಡು ಕಳೆದವರೇ ಧುಮುಕಿ ತರಬೇಕು, ಉಟ್ಟ ಬಟ್ಟೆಯಲ್ಲೇ.
ನೇರ ಹಾಕುವುದನ್ನು ನಿನಗೆ ಯಾವ ಕೋಚೂ ಕಲಿಸಲಿಲ್ಲ,
ಒದ್ದೆ ಸ್ಕರ್ಟು ಕಲಿಸಿತು, ಅಮ್ಮನ ಬಾಯಿ ಕಲಿಸಿತು.
ಸಂದಿಯ ಅಂಚಿಗೆ ತಾಗಿದ ಎಡಗೈ ಸ್ಪಿನ್ನು
ಎತ್ತ ತಿರುಗೀತೆಂದು
ಹಲಗೆಗೆ ಗೊತ್ತು, ನಿನಗೆ ಗೊತ್ತು.

ಮೊದಲ ಪಂದ್ಯ ಜಪಾನಿನ ಸಾನೊದಲ್ಲಿ.
ಚಳಿಯೆಂದರೇನೆಂದು ಅಂದೇ ನೋಡಿದೆವು.
ಓವರು ಓವರಿನ ನಡುವೆ ಕೈಗೆ ಕಾಲುಚೀಲ ತೊಟ್ಟು ನಿಂತೆ.
ನಾಲ್ಕು ಓವರು, ಒಂಬತ್ತು ರನ್ನು, ಎರಡು ವಿಕೆಟ್.
ನನ್ನ ಪೆನ್ಸಿಲ್ಲಿನ ಮೊನೆ ಮುರಿದು
ಎರಡನೆಯದನ್ನು ಉಗುರಿನಲ್ಲಿ ಕೊರೆದಿಟ್ಟೆ,
ಆಮೇಲೆ ತುಂಬಿದೆ.

ಊರಲ್ಲಿ ನೀನು ಕೋಕಿ ಮಾರ್ಕೆಟ್ಟಿನ ಬಳಿ ಗಲ್ಲಾದವಳು.
ಪ್ರವಾಸವೆಂದರೆ ಸಂಬಳವಿಲ್ಲದ ರಜೆ.
ಮೂರು ಸಲ ಮರಳಿ ಬಂದಾಗ
ನಿನ್ನ ಸ್ಟೂಲಿನ ಮೇಲೆ ಬೇರೆ ಯಾರೋ ಕೂತಿದ್ದರು.

ವನುವಾಟುವಿನಲ್ಲಿ ಹನ್ನೊಂದನೆಯ ಓವರಿಗೆ
ಜರ್ಸಿಯ ಎದೆ ಒದ್ದೆಯಾಯಿತು.
ಎಂಟು ತಿಂಗಳ ಮಗಳು ಕಡಲಾಚೆ, ನಿನ್ನ ತಂಗಿಯ ಸೊಂಟದಲ್ಲಿ.
ಅಂಪೈರಿಗೆ ಕೈಯೆತ್ತಿ ಓಡಿದೆ,
ಹಿಂಡಿ ಚೆಲ್ಲಿ, ಅಂಗಿ ಬದಲಿಸಿ ಬಂದೆ.
ಟಿಪ್ಪಣಿಯ ಜಾಗದಲ್ಲಿ ಬರೆದೆ:
‘ಐದು ನಿಮಿಷ ಮೈದಾನದಲ್ಲಿಲ್ಲ. ಕಾರಣ ತಿಳಿಯದು.’
ಹದಿನೇಳು ವರ್ಷದಲ್ಲಿ ನಾನು ಬರೆದ ಸುಳ್ಳು ಅದೊಂದೇ.

ಇನ್ನು ಡಬ್ಲಿನ್.
ಗೆದ್ದರೆ ವಿಶ್ವಕಪ್ಪು. ಕೊನೆಯ ಓವರು, ಅವರಿಗೆ ಬೇಕಿದ್ದದ್ದು ಎರಡು.
ಚುಕ್ಕಿ. ಚುಕ್ಕಿ.
ಚುಕ್ಕಿ.
ಚುಕ್ಕಿ. ಚುಕ್ಕಿ.
ಆರನೆಯದು ಬ್ಯಾಟು ತಪ್ಪಿಸಿ, ಸ್ಟಂಪು ತಪ್ಪಿಸಿ,
ಕೀಪರಿನ ಕಾಲ ನಡುವೆ ನುಸುಳಿ
ಹಗ್ಗ ಮುಟ್ಟಿತು. ನಾಲ್ಕು ಬೈ.
ಬೈ ಬೌಲರಿನ ಖಾತೆಗೆ ಬರುವುದಿಲ್ಲ.
ನಿನ್ನ ಸಾಲಿಗೆ ಆರನೆಯ ಚುಕ್ಕಿಯನ್ನೂ ಇಟ್ಟು
ಕೈ ನಡುಗುತ್ತ ಗೆರೆಯೆಳೆದೆ.
ಸೋತದ್ದೂ ಅದೇ ಓವರು, ಮೇಡನ್ನೂ ಅದೇ.

ಬಸ್ಸಿನಲ್ಲಿ ಕೀಪರ್ ಹುಡುಗಿ ನಿನ್ನ ಪಕ್ಕ ಕೂತು
“ಬೈಯಕ್ಕಾ, ಏನಾದರೂ ಬೈ” ಎಂದು ಬಿಕ್ಕಿದಳು.
ನೀನು ಬಿಸ್ಕತ್ತು ಮುರಿದು ಅರ್ಧ ಕೊಟ್ಟೆ,
ಉಳಿದರ್ಧ ತಿನ್ನುತ್ತ ಕಿಟಕಿಯಾಚೆ ನೋಡಿದೆ.
ಅಲ್ಲಿ ಹತ್ತು ಗಂಟೆಗೂ ಕತ್ತಲಾಗಿರಲಿಲ್ಲ.

ಈ ಸಲದ ಪಟ್ಟಿ ಬಂತು, ನಿನ್ನ ಹೆಸರಿರಲಿಲ್ಲ.
ಭಾಷಣವಿಲ್ಲ, ಹಾರವಿಲ್ಲ. ಪಟ್ಟಿ ಬಂತು, ಅಷ್ಟೆ.
ನೀನು ಎರಡು ಸಲ ಓದಿ ಮೀನು ಕೊಯ್ಯಲು ಕೂತೆ.

ನಿನ್ನೆ ನೀರಿಳಿದ ಹೊತ್ತಿಗೆ
ಮನೆಯಡಿಯ ಕೆಸರಿನಿಂದ ನಿನ್ನ ಮಗಳೊಂದು ಚೆಂಡು ತಂದಳು.
ಹೊಲಿಗೆ ಬಿಚ್ಚಿ, ಚಿಪ್ಪು ಕಚ್ಚಿ, ಯಾವ ಕಾಲದ್ದೋ.
“ಅಮ್ಮಾ, ಇದು ನಿನ್ನದಾ?”
ತಿರುಗಿಸಿ ತಿರುಗಿಸಿ ನೋಡಿದೆ. ಗೊತ್ತಿಲ್ಲ ಎಂದೆ.
ಹಲಗೆಯ ಮೇಲಿನ ಎಸೆತಗಳನ್ನು ಯಾರೂ ಬರೆದಿಟ್ಟಿಲ್ಲ.

ಅವಳು ಅದನ್ನು ಎಡಗೈಗೆ ಬದಲಿಸಿಕೊಂಡಳು.
ನನ್ನ ಹತ್ತಿರ ಪೆನ್ಸಿಲ್ಲಿರಲಿಲ್ಲ.