ತೂತು ನಲವತ್ತೊಂದು

ಇಂಗಳದಾಳದ ಗಣಿ ಮುಚ್ಚಿ ಎಷ್ಟೋ ವರ್ಷ.
ಅಪ್ಪನ ಬೆರಳು ಇನ್ನೂ ಎಣಿಸುತ್ತವೆ, ಊಟಕ್ಕೆ ಕೂತಾಗಲೂ:
ಇಳಿದವರೆಷ್ಟು, ಹತ್ತಿ ಬಂದವರೆಷ್ಟು.
ಹಿತ್ತಾಳೆ ಬಿಲ್ಲೆ ಮೊಳೆಗೆ ಮರಳಿದ್ದರೆ ಆಳು ಮೇಲಿದ್ದಾನೆ,
ಮೊಳೆ ಬರಿದಿದ್ದರೆ ಇನ್ನೂ ಒಳಗೆ.
ಕಾಣದವರ ಲೆಕ್ಕವನ್ನು ಖಾಲಿ ಮೊಳೆಯಲ್ಲಿ ಹಿಡಿದ
ಟೈಮ್ ಕೀಪರ್ ಪಾಲಯ್ಯನ ಮಗಳು ನಾನು;
ಈ ಕೆಲಸ ನನಗೆ ಹೊಸದೇನಲ್ಲ.

ನನ್ನ ಗಣಿ ದಕ್ಷಿಣ ಧ್ರುವದ ಹಿಮದಡಿ.
ಅಲ್ಲಿ ಹಗ್ಗಕ್ಕೆ ಪೋಣಿಸಿದ ಗಾಜಿನ ಬುರುಡೆಗಳು
ಕತ್ತಲೆಗೆ ಕಣ್ಣು ತೆರೆದು ಕೂತಿವೆ.
ನಾನು ಕೂತಿರುವುದು ಜೋಗಿಮಟ್ಟಿ ರಸ್ತೆಯ ಮಹಡಿ ಕೋಣೆಯಲ್ಲಿ.
ಧ್ರುವದಲ್ಲಿ ಆರು ತಿಂಗಳು ರಾತ್ರಿ.
ಆ ರಾತ್ರಿಯೇ ನಮಗೆ ಸೂರ್ಯನನ್ನು ನೋಡುವ ಕಾಲ.
"ಹೊತ್ತು ಮುಳುಗಿದ ಮೇಲೆ ಹೊತ್ತನ್ನ ಹುಡುಕೋದಾ?"
ಅಪ್ಪ ನಕ್ಕಿದ್ದ.

ಮುಳುಗಿದ ಮೇಲೇ, ಅಪ್ಪ.
ನೆಲವೇ ಜರಡಿ. ಬೇರೆಲ್ಲವನ್ನೂ ತಡೆದು
ನ್ಯೂಟ್ರಿನೊ ಒಂದನ್ನೇ ಬಿಡುತ್ತದೆ.
ಯಾರೂ ಕಾಣದ ಆ ಕಪ್ಪು ದ್ರವ್ಯ
ಸೂರ್ಯನ ಹೊಟ್ಟೆಯೊಳಗೆ ಬಾವಿಗೆ ಬಿದ್ದ ಹಾಗೆ ಬಿದ್ದು,
ಕೂಡಿ, ಒಂದಕ್ಕೊಂದು ತಾಗಿ ಅಳಿಯುತ್ತಿದ್ದರೆ,
ಇದ್ದರೆ,
ಅಲ್ಲಿಂದ ತಪ್ಪಿಸಿಕೊಂಡು ಬರಬಲ್ಲ ಸುದ್ದಿ ಅದೊಂದೇ.
ಹಿಮದಲ್ಲಿ ಕೂದಲೆಳೆಯಷ್ಟು ನೀಲಿ ಮಿಂಚು. ಮುಗಿಯಿತು.

ಏಳು ಚಳಿಗಾಲದ ಮಿಂಚನ್ನು ಗುಡ್ಡೆ ಹಾಕಿ,
ಲೆಕ್ಕದಲ್ಲಿ ಆಸೆ ಕೈಯಾಡಿಸದಿರಲೆಂದು
ಸೂರ್ಯನಿದ್ದ ದಿಕ್ಕನ್ನು ನಮ್ಮಿಂದಲೇ ಬಚ್ಚಿಟ್ಟಿದ್ದೆವು.
ನಿನ್ನೆ ಬಿಚ್ಚಿದೆವು, ರಾತ್ರಿ ಎರಡೂಕಾಲಿಗೆ.
ಬರೀ ಗದ್ದಲವೇ ಆಗಿದ್ದರೆ ಬರಬೇಕಿದ್ದದ್ದು
ಒಂಬೈನೂರ ಇಪ್ಪತ್ತು.
ಬಂದದ್ದು ಒಂಬೈನೂರ ಹದಿನೇಳು.
ಫೋನಿನ ಆ ತುದಿಯಲ್ಲಿ ಯಾರೋ ಕೆಮ್ಮಿದರು.

ಬೆಳಿಗ್ಗೆ ಹಲ್ಲುಸೆಟ್ಟು ತೊಳೆಯುತ್ತ ಅಪ್ಪ ಕೇಳಿದ:
"ಸಿಕ್ತೇನವ್ವಾ?"
ಇಲ್ಲ. ಒಂದು ಗೆರೆ ಎಳೆದಿದ್ದೇವೆ,
ಇದಕ್ಕಿಂತ ಹೆಚ್ಚು ಇರಲಾರದು ಅಂತ.
ಗೆರೆಯ ಕೆಳಗೆ ಏನಿದೆಯೋ ಗೊತ್ತಿಲ್ಲ.

ಅವನು ಒಳಗೆ ಹೋಗಿ ಟ್ರಂಕಿನಿಂದ ತಂದದ್ದು
ಗಣಿಯ ಹಳೇ ರಿಜಿಸ್ಟರು, ಅಂಚನ್ನು ಗೆದ್ದಲು ತಿಂದಿತ್ತು.
ತಾಮ್ರ ಸಿಕ್ಕ ಹಾಳೆಗಳನ್ನು ಕಂಪನಿ ಒಯ್ದಿತ್ತಂತೆ,
ಉಳಿದದ್ದು ಇದು. ಅವನದೇ ಗುಂಡನೆಯ ಅಕ್ಷರ:
ತೂತು ನಲವತ್ತೊಂದು. ಆಳ ಇನ್ನೂರ ಹತ್ತು ಅಡಿ. ಅದಿರು ಇಲ್ಲ.
ಕೆಳಗೆ ಸಹಿ, ತಾರೀಖು.
"ಇದನ್ನ ಬರೀಲಿಲ್ಲಾಂದ್ರೆ
ಮುಂದೆ ಬರೋನು ಮತ್ತೆ ಅಲ್ಲೇ ಕೊರೀತಾನೆ."

ಮಹಡಿ ಹತ್ತಿದೆ. ಗುಡ್ಡದ ಗಾಳಿಯಂತ್ರಗಳ ಹಿಂದೆ
ಹೊತ್ತು ಏರುತ್ತಿತ್ತು, ಕಣ್ಣು ಕುಕ್ಕುವಷ್ಟು,
ಎಲ್ಲರಿಗೂ ಕಾಣುವ ಹೊತ್ತು,
ನಮ್ಮ ಕೆಲಸಕ್ಕೆ ಬಾರದ್ದು.